ರಟ್ಟಿನ ಪೆಟ್ಟಿಗೆ: ಒಂದು ಚಾರಿತ್ರಿಕ ಪರಿಶೀಲನೆ

೧. ವಿಷಯ ಪ್ರವೇಶ

ಚರಿತ್ರೆಯ ಅಭ್ಯಾಸಿಯು ಆಧಾರಗಳನ್ನು ಅರಸಿಕೊಂಡು ಯಾವುದಾದರೊಂದು ದಫ್ತರಖಾನೆಗೆ ಹೋದರೆ, ಅಲ್ಲಿಯ ಗುಮಾಸ್ತರು ಸಾಮಾನ್ಯವಾಗಿ ಅವನ ಮುಂದೆ ತಂದಿಡುವುದು ಒಂದು ರಟ್ಟಿನ ಪೆಟ್ಟಿಗೆಯನ್ನು. ಅವನು ಅದನ್ನು ತೆರೆದು, ಒಳಗಿನ ಕಾಗದಗಳನ್ನು ಜೋಪಾನವಾಗಿ ಹೊರತೆಗೆದು, ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿಬಿಡುತ್ತಾನೆ. ಕಾಗದಗಳಿಗೆ ಕಾಲವುಂಟು, ಕರ್ತೃವುಂಟು, ಪ್ರಾಮಾಣ್ಯದ ಜಿಜ್ಞಾಸೆಯುಂಟು; ಪೆಟ್ಟಿಗೆಗೆ ಒಂದು ಸಂಖ್ಯೆಯ ಹೊರತು ಬೇರೇನೂ ಇಲ್ಲ. ಶತಮಾನಕ್ಕೂ ಮಿಕ್ಕ ಕಾಲದಿಂದ ಲೋಕದ ಸರಕನ್ನು ಊರಿಂದೂರಿಗೆ ಹೊತ್ತು ತಂದ ಈ ವಸ್ತುವಿಗೂ ಒಂದು ಚರಿತ್ರೆಯಿದೆ ಎಂಬುದು ನಮ್ಮ ಗಮನಕ್ಕೆ ಬರುವುದು ಅಪರೂಪ.

ಮಣ್ಣಿನ ಮಡಕೆಯ ಚೂರುಗಳಿಂದ ಪ್ರಾಚೀನ ವಾಣಿಜ್ಯದ ಮಾರ್ಗಗಳನ್ನು ಗುರುತಿಸುವ ಶಾಸ್ತ್ರವನ್ನು ನಾವು ಬಲ್ಲೆವು. ದ್ರಾಕ್ಷಾರಸವನ್ನು ತುಂಬಿ ತಂದ ರೋಮನರ ಮಣ್ಣಿನ ಕೊಡಗಳ ಚೂರುಗಳು ಪಾಂಡಿಚೇರಿಯ ಬಳಿಯ ಅರಿಕಮೇಡಿನಲ್ಲಿ ದೊರೆತುದರಿಂದಲ್ಲವೇ ಆ ಕಾಲದ ಸಮುದ್ರ ವ್ಯಾಪಾರದ ಸ್ವರೂಪವು ನಮಗೆ ಸ್ಪಷ್ಟವಾದುದು? ಆದರೆ ನಮ್ಮ ಕಾಲದ ಕೊಡವಾದ ರಟ್ಟಿನ ಪೆಟ್ಟಿಗೆಯು ಮಣ್ಣಿನಲ್ಲಿ ಉಳಿಯತಕ್ಕುದಲ್ಲ. ಮಳೆಗೆ ಕರಗುತ್ತದೆ, ಗೆದ್ದಲಿಗೆ ಆಹಾರವಾಗುತ್ತದೆ, ಇಲ್ಲವೇ ಗುಜರಿಯವನ ಗಾಡಿಯನ್ನೇರಿ ಮತ್ತೆ ಕಾಗದವಾಗುತ್ತದೆ. ಆದುದರಿಂದ ಅದು ಇರುವಾಗಲೇ ಅದರ ಚರಿತ್ರೆಯನ್ನು ಬರೆದಿಡುವುದು ಉಚಿತ.

ಈ ಲೇಖನದಲ್ಲಿ ಪ್ರತಿಪಾದಿಸಬೇಕೆಂದಿರುವ ವಿಚಾರ ಒಂದೇ. ರಟ್ಟಿನ ಪೆಟ್ಟಿಗೆಯ ಚರಿತ್ರೆಯನ್ನು ಸಾಮಾನ್ಯವಾಗಿ ಶೋಧಕರ ಮತ್ತು ಯಂತ್ರಗಳ ಚರಿತ್ರೆಯೆಂದು ಹೇಳುವ ವಾಡಿಕೆಯುಂಟು. ಅದು ನಿಜವಾದರೂ ಪೂರ್ಣವಲ್ಲ. ಕಣ್ಣಿಗೆ ಕಾಣದ ಸರಕನ್ನು ಮುಖಪರಿಚಯವಿಲ್ಲದವರಿಂದ ಕೊಳ್ಳುವಾಗ ಯಾರನ್ನು ನಂಬಬೇಕು, ದಾರಿಯಲ್ಲಿ ನಷ್ಟವಾದರೆ ಅದನ್ನು ಯಾರು ಹೊರಬೇಕು ಎಂಬ ಹಳೆಯ ಪ್ರಶ್ನೆಗೆ ಈ ಪೆಟ್ಟಿಗೆಯು ಒಂದು ಹೊಸ ಉತ್ತರವಾಗಿ ಬಂದಿತು. ಅದರ ಬಾಳಿಕೆಯ ರಹಸ್ಯವೂ, ಅದರಿಂದ ಕೆಲವರಿಗೆ ಒದಗಿದ ಕಷ್ಟವೂ ಈ ಉತ್ತರದಲ್ಲಿಯೇ ಅಡಗಿವೆ.

೨. ರಟ್ಟು ಎಂಬ ವಸ್ತು

ಕನ್ನಡಿಗರಿಗೆ ರಟ್ಟು ಎಂದೊಡನೆ ಮೊದಲು ನೆನಪಾಗುವುದು ಪುಸ್ತಕದ ಹೊದಿಕೆ. ಹಲವು ಹಾಳೆಗಳನ್ನು ಅಂಟಿಸಿ, ಒತ್ತಿ, ಒಣಗಿಸಿದರೆ ಒಂಟಿ ಹಾಳೆಯಲ್ಲಿಲ್ಲದ ಬಿಗಿ ಬರುತ್ತದೆಂಬ ತತ್ತ್ವ ಬಹಳ ಹಳೆಯದು. ನಮ್ಮ ನಾಡಿನ ಕಡತಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಹಿಂದುಮುಂದಾಗಿ ಮಡಿಚಿ, ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದರು. ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳು ಅನೇಕವಿವೆ. ಕಡತಕ್ಕೂ ರಟ್ಟಿನ ಪೆಟ್ಟಿಗೆಗೂ ವಂಶ ಸಂಬಂಧವನ್ನು ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಮೆದುವಾದ ವಸ್ತುವಿಗೆ ಪಿಷ್ಟದ ಅಂಟಿನಿಂದ ಬಿಗಿಯನ್ನೂ ಮಡಿಕೆಯಿಂದ ಆಕಾರವನ್ನೂ ಕೊಡುವ ಜಾಣ್ಮೆ ಯಾವುದೋ ಒಂದು ದೇಶದ ಸ್ವತ್ತಲ್ಲವೆಂದು ತೋರಿಸುವುದಕ್ಕೆ ಇಷ್ಟು ಸಾಕು.

ಕಾಗದದ ಶೋಧದ ಕೀರ್ತಿಯನ್ನು ಕ್ರಿ. ಶ. ೧೦೫ರಲ್ಲಿ ಚೀನಾದ ಅರಮನೆಯ ಅಧಿಕಾರಿಯಾಗಿದ್ದ ಚಾಯ್ ಲುನ್‌ಗೆ ಸಲ್ಲಿಸುವ ಸಂಪ್ರದಾಯವುಂಟು. ಅದಕ್ಕೂ ಹಿಂದಿನ ಕಾಗದದ ತುಣುಕುಗಳು ಆ ದೇಶದ ಉತ್ಖನನಗಳಲ್ಲಿ ದೊರೆತಿವೆ. ಯೂರೋಪಿನಲ್ಲಿ ೧೯ನೆಯ ಶತಮಾನದ ಮಧ್ಯಭಾಗದವರೆಗೂ ಕಾಗದಕ್ಕೆ ಚಿಂದಿ ಬಟ್ಟೆಯೇ ಮುಖ್ಯವಾದ ಕಚ್ಚಾ ಪದಾರ್ಥ. ಚಿಂದಿಯ ಪೂರೈಕೆಗೆ ಮಿತಿಯಿದ್ದುದರಿಂದ ಕಾಗದವು ದುಬಾರಿಯಾಗಿದ್ದಿತು. ರಟ್ಟಿನ ಪೆಟ್ಟಿಗೆಯಾದರೋ ಆಭರಣ, ಔಷಧಿ, ಟೋಪಿ ಮುಂತಾದ ಬೆಲೆಯುಳ್ಳ ಅಥವಾ ನಾಜೂಕಾದ ವಸ್ತುಗಳಿಗೆ ಮೀಸಲಾಗಿದ್ದಿತು. ಇಂಗ್ಲೆಂಡಿನಲ್ಲಿ ಕೊರಳಪಟ್ಟಿಗಳನ್ನು ಇಟ್ಟುಕೊಳ್ಳಲು ದುಂಡಗಿನ ಹಗುರವಾದ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ಫ್ರಾನ್ಸಿನ ದಕ್ಷಿಣ ಭಾಗದಲ್ಲಿರುವ ವಾಲ್ರೆಯಾಸ್ ಎಂಬ ಪಟ್ಟಣದಲ್ಲಿ ೧೯ನೆಯ ಶತಮಾನದ ನಡುವೆ ಈ ಕಸುಬು ಬೆಳೆದುದು ರೇಷ್ಮೆ ಹುಳುವಿನ ಮೊಟ್ಟೆಗಳನ್ನು ಸಾಗಿಸುವ ಪೆಟ್ಟಿಗೆಗಳಿಂದ. ಇವೆಲ್ಲವೂ ಕೈಕೆಲಸ, ಕತ್ತರಿಸಿ, ಅಂಟಿಸಿ, ಒಂದೊಂದನ್ನೇ ಕಟ್ಟಬೇಕಾದ ಪೆಟ್ಟಿಗೆಗಳು.

ಈ ಪರಿಸ್ಥಿತಿಯನ್ನು ಬದಲಾಯಿಸಿದವು ಎರಡು ಶೋಧಗಳು. ೧೮೪೪ರ ಸುಮಾರಿನಲ್ಲಿ ಜರ್ಮನಿಯ ಫ್ರೀಡ್ರಿಕ್ ಕೆಲ್ಲರ್ ಮರವನ್ನು ಅರೆದು ತಿರುಳು ಮಾಡುವ ಕ್ರಮವನ್ನು ಕಂಡುಹಿಡಿದನು. ೧೮೭೯ರಲ್ಲಿ ಕಾರ್ಲ್ ದಾಲ್ ಎಂಬ ರಸಾಯನಜ್ಞನು ಮರದ ಚಕ್ಕೆಗಳನ್ನು ರಾಸಾಯನಿಕಗಳಲ್ಲಿ ಬೇಯಿಸಿ, ಉದ್ದವಾದ ಗಟ್ಟಿ ಎಳೆಗಳುಳ್ಳ ಕಂದುಬಣ್ಣದ ತಿರುಳನ್ನು ಪಡೆದನು. ಇದರಿಂದಾದ ಕಾಗದಕ್ಕೆ ‘ಕ್ರಾಫ್ಟ್’ ಎಂದು ಹೆಸರು. ಜರ್ಮನ್ ಭಾಷೆಯಲ್ಲಿ ಈ ಪದಕ್ಕೆ ಬಲವೆಂದರ್ಥ. ಇಂದಿಗೂ ಪೆಟ್ಟಿಗೆಗಳ ಕಂದುಬಣ್ಣಕ್ಕೆ ಮೂಲ ಇದೇ.

೩. ನಿರಿಗೆಯ ಶೋಧ

ಸರಕು ಸಾಗಿಸುವ ದೊಡ್ಡ ಪೆಟ್ಟಿಗೆಯ ಗೋಡೆಯನ್ನು ಅಡ್ಡಲಾಗಿ ಸೀಳಿ ನೋಡಿದರೆ, ಎರಡು ಸಮತಟ್ಟಾದ ಹಾಳೆಗಳ ನಡುವೆ ಅಲೆಯಲೆಯಾಗಿ ನಿರಿಗೆ ಹಿಡಿದ ಮೂರನೆಯ ಹಾಳೆಯೊಂದು ಕಾಣುತ್ತದೆ. ವ್ಯಾಪಾರದಲ್ಲಿ ಇದಕ್ಕೆ ಕಾರ್ರುಗೇಟೆಡ್ ಎಂದು ಹೇಳುವರು. ಇಲ್ಲಿ ಇದನ್ನು ನಿರಿಗೆ ರಟ್ಟು ಎಂದು ಕರೆಯೋಣ.

ನಿರಿಗೆ ಕಾಗದದ ಮೊದಲ ಪೇಟೆಂಟ್ ೧೮೫೬ರದು. ಅದನ್ನು ಪಡೆದವರು ಇಂಗ್ಲೆಂಡಿನ ಎಡ್ವರ್ಡ್ ಹೀಲಿ ಮತ್ತು ಎಡ್ವರ್ಡ್ ಆಲೆನ್ ಎಂಬಿಬ್ಬರು. ಅವರ ಮನಸ್ಸಿನಲ್ಲಿದ್ದುದು ಪೆಟ್ಟಿಗೆಯಲ್ಲ, ಟೋಪಿ. ಆ ಕಾಲದ ದೊಡ್ಡ ಮನುಷ್ಯರು ಧರಿಸುತ್ತಿದ್ದ ಎತ್ತರವಾದ ಟೋಪಿಗಳ ಒಳಪಟ್ಟಿಗೆ ಈ ಕಾಗದವನ್ನು ಉಪಯೋಗಿಸಬೇಕೆಂದು ಅವರು ಯೋಚಿಸಿದ್ದರು. ಹದಿನೈದು ವರ್ಷಗಳ ತರುವಾಯ, ೧೮೭೧ರಲ್ಲಿ, ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಎಂಬಾತನು ಇದೇ ನಿರಿಗೆ ಕಾಗದವನ್ನು ಗಾಜಿನ ಸೀಸೆಗಳಿಗೂ ದೀಪದ ಚಿಮಣಿಗಳಿಗೂ ಸುತ್ತುವ ಕ್ರಮಕ್ಕೆ ಪೇಟೆಂಟ್ ಪಡೆದನು. ಅಲ್ಲಿಯವರೆಗೆ ಗಾಜಿನ ಸಾಮಾನುಗಳನ್ನು ಹುಲ್ಲಿನಲ್ಲಿಯೋ ಮರದ ಹೊಟ್ಟಿನಲ್ಲಿಯೋ ಹುದುಗಿಸಿ ಕಳುಹಿಸುವುದು ಪದ್ಧತಿ. ಜೋನ್ಸನ ನಿರಿಗೆಗೆ ಒಂದು ದೋಷವಿದ್ದಿತು: ಎಳೆದರೆ ಅದು ಬಿಚ್ಚಿಕೊಂಡು ಚಪ್ಪಟೆಯಾಗುತ್ತಿತ್ತು. ೧೮೭೪ರಲ್ಲಿ ಆಲಿವರ್ ಲಾಂಗ್ ಎಂಬಾತನು ನಿರಿಗೆಯ ಬೆನ್ನಿಗೆ ಸಮತಟ್ಟಾದ ಹಾಳೆಯೊಂದನ್ನು ಅಂಟಿಸಿ ಈ ದೋಷವನ್ನು ಪರಿಹರಿಸಿದನು. ಬಳಿಕ ಎರಡೂ ಮಗ್ಗುಲುಗಳಿಗೆ ಹಾಳೆ ಬಂದಿತು.

ಇದರ ಬಲದ ಮರ್ಮವನ್ನು ತಿಳಿಯುವುದು ಕಷ್ಟವಲ್ಲ. ಒಂದು ಹಾಳೆಯನ್ನು ಮೇಜಿನ ಅಂಚಿನಿಂದಾಚೆಗೆ ಚಾಚಿದರೆ ಅದು ಕೂಡಲೇ ಜೋಲುತ್ತದೆ. ಅದಕ್ಕೆ ನಾಲ್ಕಾರು ನಿರಿಗೆ ಹಿಡಿದು ಚಾಚಿದರೆ ಬಹಳ ಮಟ್ಟಿಗೆ ನೆಟ್ಟಗೆ ನಿಲ್ಲುತ್ತದೆ. ಕಾಗದದ ಎಳೆಗಳು ಎಳೆತವನ್ನು ಚೆನ್ನಾಗಿ ತಡೆಯುತ್ತವೆ, ಬಾಗುವಿಕೆಯನ್ನು ತಡೆಯಲಾರವು. ಎರಡು ಹಾಳೆಗಳನ್ನು ನಿರಿಗೆಯ ಮೂಲಕ ದೂರದೂರ ನಿಲ್ಲಿಸಿದರೆ, ಬಾಗಿಸುವ ಭಾರವು ಒಂದು ಹಾಳೆಗೆ ಎಳೆತವಾಗಿಯೂ ಇನ್ನೊಂದಕ್ಕೆ ಒತ್ತಡವಾಗಿಯೂ ಹಂಚಿಹೋಗುತ್ತದೆ. ಪೆಟ್ಟಿಗೆಯಲ್ಲಿ ನಿರಿಗೆಗಳನ್ನು ಲಂಬವಾಗಿ ನಿಲ್ಲಿಸುವುದರಿಂದ ಪ್ರತಿಯೊಂದು ನಿರಿಗೆಯೂ ಮಂಟಪದ ಸಣ್ಣ ಕಂಬದಂತೆ ಮೇಲಿನ ಭಾರವನ್ನು ಹೊರುತ್ತದೆ. ಗೋಡೆಯ ಬಹುಭಾಗ ಗಾಳಿ; ಆದರೂ ಅದೇ ತೂಕದ ಒಂಟಿ ಹಾಳೆಗಿಂತ ಅದು ಎಷ್ಟೋ ಪಾಲು ಬಿಗಿ.

ನಿರಿಗೆಯ ಅಳತೆಗಳಿಗೆ ಎ, ಬಿ, ಸಿ ಎಂದು ಹೆಸರುಗಳುಂಟು. ಎ ಸುಮಾರು ೫ ಮಿಲಿಮೀಟರ್, ಬಿ ಸುಮಾರು ೩, ಸಿ ಸುಮಾರು ೪. ಈ ಕ್ರಮ ವಿಚಿತ್ರವಾಗಿ ಕಾಣಬಹುದು. ಅಕ್ಷರಗಳು ಗಾತ್ರವನ್ನು ಅನುಸರಿಸದೆ ಬಳಕೆಗೆ ಬಂದ ಕಾಲಾನುಕ್ರಮವನ್ನು ಅನುಸರಿಸಿರುವುದೇ ಇದಕ್ಕೆ ಕಾರಣ. ಮೊದಲು ದಪ್ಪನೆಯದು, ಆಮೇಲೆ ತೆಳ್ಳನೆಯದು, ಕೊನೆಗೆ ಇವೆರಡರ ಗುಣಗಳನ್ನೂ ಬಯಸಿ ನಡುವಣದು. ಹೀಗೆ ಪೆಟ್ಟಿಗೆಯ ಗೋಡೆಯಲ್ಲಿಯೇ ಅದರ ಚರಿತ್ರೆಯ ಒಂದು ಪುಟ ಉಳಿದುಕೊಂಡಿದೆ.

೪. ಗೇರನ ಅಚ್ಚುಯಂತ್ರ

ನಿರಿಗೆ ರಟ್ಟಿನ ಕಥೆ ಹೀಗೆ ನಡೆಯುತ್ತಿದ್ದಾಗ, ಬಿಸ್ಕತ್ತು, ಔಷಧಿ, ಸೋಪು ಮುಂತಾದುವನ್ನು ಇಡುವ ಚಿಕ್ಕ ಪೆಟ್ಟಿಗೆಯ ಕಥೆ ಬೇರೊಂದು ದಾರಿಯಲ್ಲಿ ಸಾಗಿತು. ಅದರ ನಾಯಕ ರಾಬರ್ಟ್ ಗೇರ್. ೧೮೩೯ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದು, ಅಲ್ಲಿಯ ಅಂತರ್ಯುದ್ಧದಲ್ಲಿ ಕಾದಾಡಿದ ಬಳಿಕ ಕಾಗದದ ಚೀಲಗಳ ವ್ಯಾಪಾರವನ್ನು ಕೈಗೊಂಡವನು ಈತ.

೧೮೭೯ರಲ್ಲಿ ಅವನ ಕಾರ್ಖಾನೆಯಲ್ಲಿ ಬಿತ್ತನೆಯ ಬೀಜ ತುಂಬುವ ಚೀಲಗಳಿಗೆ ಅಚ್ಚು ಹಾಕುತ್ತಿದ್ದಾಗ, ಯಂತ್ರದೊಳಗಿನ ಲೋಹದ ಪಟ್ಟಿಯೊಂದು ಇರಬೇಕಾದ ಎತ್ತರಕ್ಕಿಂತ ಮೇಲಕ್ಕೆ ಸರಿದು ಚೀಲಗಳನ್ನೆಲ್ಲ ಕತ್ತರಿಸಿಬಿಟ್ಟಿತೆಂದು ಹೇಳುವರು. ಕೆಟ್ಟುಹೋದ ಮಾಲನ್ನು ನೋಡುತ್ತ ಗೇರನಿಗೆ ಒಂದು ವಿಚಾರ ಹೊಳೆಯಿತು. ಎತ್ತರವಾದ ಪಟ್ಟಿ ಕತ್ತರಿಸುವುದಾದರೆ, ಸ್ವಲ್ಪ ತಗ್ಗಾದ ಮೊಂಡು ಪಟ್ಟಿಯು ಕತ್ತರಿಸದೆ ಮಡಿಕೆಯ ಗೆರೆಯನ್ನು ಮಾತ್ರ ಮೂಡಿಸಬೇಕಷ್ಟೆ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಿದರೆ ಯಂತ್ರದ ಒಂದೇ ಒತ್ತಿಗೆ ಪೆಟ್ಟಿಗೆಯ ಆಕಾರವೂ ಮಡಿಕೆಗಳೂ ಸಿದ್ಧ.

ಈ ಶೋಧದ ಮಹತ್ತ್ವವು ವೇಗದಲ್ಲಿ ಮಾತ್ರ ಇಲ್ಲ. ಕೈಯಿಂದ ಕಟ್ಟಿದ ಪೆಟ್ಟಿಗೆ ಬರಿದಾಗಿದ್ದರೂ ತುಂಬಿದಷ್ಟೇ ಜಾಗವನ್ನು ಹಿಡಿಯುತ್ತಿತ್ತು. ಅದನ್ನು ಸಾಗಿಸುವುದೆಂದರೆ ಗಾಳಿಯನ್ನು ಬಾಡಿಗೆ ಕೊಟ್ಟು ಸಾಗಿಸಿದಂತೆ. ಗೇರನ ಪೆಟ್ಟಿಗೆಯನ್ನು ಹಾಳೆಯ ರೂಪದಲ್ಲಿಯೇ ಅಟ್ಟಿಯಾಗಿ ಒಟ್ಟಿ ಕಳುಹಿಸಬಹುದು. ಸರಕು ತುಂಬುವವನು ತನ್ನ ಸ್ಥಳದಲ್ಲಿ ಅದನ್ನು ಬಿಡಿಸಿ ನಿಲ್ಲಿಸಿಕೊಳ್ಳಬಹುದು. ಇದಲ್ಲದೆ ಮಡಿಚುವುದಕ್ಕೆ ಮೊದಲು ಅದು ಹಾಳೆಯೇ ಆದುದರಿಂದ ಅದರ ಮೇಲೆ ಬೇಕಾದುದನ್ನು ಅಚ್ಚು ಹಾಕಬಹುದು. ಪಾತ್ರೆಗೆ ಬಾಯಿ ಮಾತ್ರ ಇದ್ದಿತು. ಈಗ ಮಾತೂ ಬಂದಿತು.

೫. ಅಂಗಡಿಯವನ ಮಾತು, ಪೆಟ್ಟಿಗೆಯ ಮಾತು

ಈ ಮಾತಿನ ಪರಿಣಾಮವನ್ನು ಅರಿಯಲು ಅಂದಿನ ಅಮೆರಿಕದ ದಿನಸಿ ಅಂಗಡಿಯನ್ನು ನೆನೆಯಬೇಕು. ಬಿಸ್ಕತ್ತುಗಳು ತೆರೆದ ಪೀಪಾಯಿಯಲ್ಲಿರುತ್ತಿದ್ದವು. ಗಿರಾಕಿ ಕೇಳಿದಷ್ಟನ್ನು ಅಂಗಡಿಯವನು ತೂಗಿ ಚೀಲಕ್ಕೆ ತುಂಬುವನು. ಪೀಪಾಯಿಯ ತಳದ ಬಿಸ್ಕತ್ತು ಮೆತ್ತಗಾಗಿದ್ದರೆ, ಇಲಿಯೋ ಹುಳುವೋ ಬಿದ್ದಿದ್ದರೆ, ಅದಕ್ಕೆ ಹೊಣೆ ಅಂಗಡಿಯವನು. ಸರಕನ್ನು ಮಾಡಿದವನ ಹೆಸರು ಗಿರಾಕಿಗೆ ತಿಳಿಯುತ್ತಿರಲಿಲ್ಲ. ಅಂಗಡಿಯವನ ಮುಖವೇ ಸರಕಿನ ಮುದ್ರೆ.

೧೮೯೮ರಲ್ಲಿ ಅನೇಕ ಬಿಸ್ಕತ್ತಿನ ಕಾರ್ಖಾನೆಗಳು ಸೇರಿ ನ್ಯಾಷನಲ್ ಬಿಸ್ಕಿಟ್ ಕಂಪನಿಯಾದುವು. ಈ ಕಂಪನಿಯು ‘ಯುನೀಡ’ ಎಂಬ ಹೆಸರಿನ ಬಿಸ್ಕತ್ತನ್ನು ಮೇಣದ ಕಾಗದದ ಒಳಪದರವುಳ್ಳ ರಟ್ಟಿನ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ತಂದಿತು. ಮಳೆಯಂಗಿ ತೊಟ್ಟು ಬಿಸ್ಕತ್ತಿನ ಪೆಟ್ಟಿಗೆಯನ್ನು ಹಿಡಿದ ಹುಡುಗನೊಬ್ಬನ ಚಿತ್ರ ಅದರ ಜಾಹೀರಾತುಗಳಲ್ಲಿ ಪ್ರಸಿದ್ಧವಾಯಿತು. ತೇವವು ಒಳಗೆ ನುಗ್ಗಲಾರದೆಂಬುದೇ ಆ ಚಿತ್ರದ ತಾತ್ಪರ್ಯ. ತೂಕ, ಬೆಲೆ, ಗುಣ, ಇವೆಲ್ಲವೂ ಪೆಟ್ಟಿಗೆ ಮುಚ್ಚುವ ಕ್ಷಣದಲ್ಲಿಯೇ ಕಾರ್ಖಾನೆಯಲ್ಲಿ ನಿಶ್ಚಯವಾದುವು. ಅಂಗಡಿಯವನಿಗೆ ಉಳಿದ ಕೆಲಸ ಕಪಾಟಿನಿಂದ ಇಳಿಸಿಕೊಡುವುದು ಮಾತ್ರ.

ಗಿರಾಕಿಗೆ ಇದರಿಂದ ಶುಚಿಯಾದ ಸರಕು ದೊರೆತುದು ನಿಜ. ಕಲಬೆರಕೆಯೂ ತೂಕದ ಮೋಸವೂ ಕಡಮೆಯಾದುವು. ಆದರೆ ಮೂಸಿ, ಮುಟ್ಟಿ, ಮುರಿದು ನೋಡಿ ಕೊಳ್ಳುವ ಹಕ್ಕು ಅವನ ಕೈತಪ್ಪಿತು. ಗೊತ್ತಿದ್ದ ಮನುಷ್ಯನ ಮೇಲಿದ್ದ ನಂಬಿಕೆಯನ್ನು ಅಚ್ಚಾದ ಹೆಸರಿನ ಮೇಲೆ ಇಡಬೇಕಾಯಿತು. ಈ ಸ್ಥಿತ್ಯಂತರವನ್ನು ಒಳಿತೆಂದಾಗಲಿ ಕೆಡುಕೆಂದಾಗಲಿ ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಚರಿತ್ರಕಾರನ ಕೆಲಸವಲ್ಲ.

೬. ರೈಲ್ವೆಯ ವ್ಯಾಜ್ಯ

ಚಿಕ್ಕ ಪೆಟ್ಟಿಗೆಯು ಅಂಗಡಿಯನ್ನು ಗೆದ್ದರೂ, ದೊಡ್ಡ ಪೆಟ್ಟಿಗೆಗೆ ರೈಲಿನ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ದೂರದ ಸಾಗಣೆಗೆ ಮರದ ಪೆಟ್ಟಿಗೆಯೇ ಯೋಗ್ಯವೆಂದು ರೈಲ್ವೆ ಕಂಪನಿಗಳ ಅಭಿಪ್ರಾಯ. ದಾರಿಯಲ್ಲಿ ಒಡೆದ ಮಾಲಿಗೆ ಪರಿಹಾರ ಕೊಡಬೇಕಾದವರು ಅವರೇ ಆದುದರಿಂದ ಈ ಅನುಮಾನ ಅಕಾರಣವಾದುದೆಂದು ಹೇಳಲಾಗದು. ಆದರೆ ಇನ್ನೊಂದು ಸಂಗತಿಯೂ ಇದ್ದಿತು. ಮರದ ವ್ಯಾಪಾರಿಗಳು ರೈಲ್ವೆಗೆ ದೊಡ್ಡ ಗಿರಾಕಿಗಳು. ಮರದ ಪೆಟ್ಟಿಗೆಯು ಭಾರವಾದುದರಿಂದ ಅದರ ತೂಕಕ್ಕೂ ಬಾಡಿಗೆ ದೊರೆಯುತ್ತಿತ್ತು. ೨೦ನೆಯ ಶತಮಾನದ ಆರಂಭದಲ್ಲಿ ಧಾನ್ಯದ ತಿನಿಸುಗಳಿಗೆ ರಟ್ಟಿನ ಪೆಟ್ಟಿಗೆಯನ್ನು ಒಪ್ಪಿಕೊಂಡರಾದರೂ, ಅನೇಕ ಸರಕುಗಳ ವಿಷಯದಲ್ಲಿ ರಟ್ಟಿನ ಪೆಟ್ಟಿಗೆಗೆ ಹೆಚ್ಚಿನ ದರವನ್ನು ವಿಧಿಸುವ ಪದ್ಧತಿ ಮುಂದುವರಿಯಿತು.

ಇದನ್ನು ಲಾಸ್ ಏಂಜಲಿಸ್‌ನ ಪೆಟ್ಟಿಗೆ ತಯಾರಕನಾದ ಪ್ರಿಡಮ್ ಎಂಬಾತನು ಅಂತರರಾಜ್ಯ ವಾಣಿಜ್ಯ ಆಯೋಗದ ಮುಂದೆ ಪ್ರಶ್ನಿಸಿದನು. ೧೯೧೪ರಲ್ಲಿ ಆಯೋಗವು ರಟ್ಟಿನ ಪೆಟ್ಟಿಗೆಯ ವಿರುದ್ಧ ಇಂತಹ ತಾರತಮ್ಯ ಸಲ್ಲದೆಂದು ತೀರ್ಪಿತ್ತಿತು. ಪೆಟ್ಟಿಗೆಯ ಚರಿತ್ರೆಯಲ್ಲಿ ಈ ತೀರ್ಪಿಗೆ ಯಾವ ಪೇಟೆಂಟಿಗಿಂತಲೂ ಕಡಮೆಯಲ್ಲದ ಸ್ಥಾನವಿದೆ. ವಸ್ತು ಹುಟ್ಟಿದ ಮಾತ್ರಕ್ಕೆ ಚಲಾವಣೆಗೆ ಬರುವುದಿಲ್ಲ. ಅದಕ್ಕೆ ಕಾನೂನಿನ ಮನ್ನಣೆಯೂ ಬೇಕು.

ರೈಲ್ವೆಯವರು ತಮ್ಮ ಕಡೆಯಿಂದ ನಿಬಂಧನೆಗಳನ್ನು ರಚಿಸಿದರು. ರಟ್ಟನ್ನು ಒತ್ತಿ ಒಡೆಯಲು ಎಷ್ಟು ಒತ್ತಡ ಬೇಕೆಂಬುದನ್ನು ಅಳೆಯುವ ಯಂತ್ರವನ್ನು ೧೮೮೭ರಲ್ಲಿ ಜಾನ್ ಮಲ್ಲೆನ್ ರೂಪಿಸಿದ್ದನು. ಈ ಅಳತೆ, ಪೆಟ್ಟಿಗೆಯ ಗಾತ್ರದ ಮಿತಿ, ಒಟ್ಟು ತೂಕದ ಮಿತಿ, ತಯಾರಕನ ಹೆಸರು, ಇವನ್ನು ಪೆಟ್ಟಿಗೆಯ ಮೇಲೆ ದುಂಡಗಿನ ಮುದ್ರೆಯಲ್ಲಿ ಅಚ್ಚು ಹಾಕಬೇಕಾಯಿತು. ಇಂದಿಗೂ ಅನೇಕ ಪೆಟ್ಟಿಗೆಗಳನ್ನು ತಲೆಕೆಳಗು ಮಾಡಿದರೆ ಇಂತಹ ಮುದ್ರೆ ಕಾಣುತ್ತದೆ. ಶಾಸನಗಳಲ್ಲಿ ದಾನದ ಎಲ್ಲೆಯನ್ನೂ ಸಾಕ್ಷಿಗಳನ್ನೂ ಹೇಳುವಂತೆ, ಈ ಮುದ್ರೆಯು ಪೆಟ್ಟಿಗೆಯು ಹೊರಬಲ್ಲ ಭಾರದ ಎಲ್ಲೆಯನ್ನೂ ಅದಕ್ಕೆ ಹೊಣೆಯಾದವನನ್ನೂ ಹೇಳುತ್ತದೆ. ಮಿತಿಯೊಳಗಿದ್ದು ಒಡೆದರೆ ಹೊಣೆ ಒಬ್ಬರದು; ಮಿತಿಮೀರಿ ತುಂಬಿ ಒಡೆದರೆ ಇನ್ನೊಬ್ಬರದು. ನಷ್ಟ ಯಾರದೆಂಬ ಒಪ್ಪಂದವು ಪೆಟ್ಟಿಗೆಯ ಮೈಮೇಲೆಯೇ ಬರೆಯಲ್ಪಟ್ಟಿತು.

೭. ನಮ್ಮ ನಾಡಿನ ಕೆಲವು ಸಂಗತಿಗಳು

ಮುದ್ರೆಯ ಮೂಲಕ ನಂಬಿಕೆಯನ್ನು ಕಾಪಾಡುವ ಪದ್ಧತಿ ನಮ್ಮವರಿಗೆ ಹೊಸದಲ್ಲ. ಅಂಚೆಯ ಪಾರ್ಸಲುಗಳನ್ನು ಬಿಳಿಯ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತುತ್ತಿದ್ದುದನ್ನು ಹಿರಿಯರು ನೋಡಿದ್ದಾರೆ. ಅಂಗಡಿಯಲ್ಲಿ ಸಕ್ಕರೆ, ಬೇಳೆಗಳನ್ನು ಹಳೆಯ ಕಾಗದದ ಪೊಟ್ಟಣದಲ್ಲಿ ಕಟ್ಟಿ, ದಾರ ಸುತ್ತಿ ಕೊಡುತ್ತಿದ್ದರು. ಹೂವಿಗೆ ಬಾಳೆಯೆಲೆ, ತರಕಾರಿಗೆ ಬಿದಿರ ಬುಟ್ಟಿ, ಧಾನ್ಯಕ್ಕೆ ಗೋಣಿ, ಹೀಗೆ ಸರಕಿಗೆ ತಕ್ಕ ಹೊದಿಕೆಯಿದ್ದಿತು.

ಕಾರ್ಖಾನೆಯ ಸರಕಿಗೆ ಪೆಟ್ಟಿಗೆಯೇ ಮುಖವಾದುದಕ್ಕೆ ಮೈಸೂರು ಸ್ಯಾಂಡಲ್ ಸೋಪು ಉತ್ತಮವಾದ ನಿದರ್ಶನ. ಮೊದಲನೆಯ ಮಹಾಯುದ್ಧದಿಂದಾಗಿ ಶ್ರೀಗಂಧದ ರಫ್ತು ನಿಂತುಹೋಗಲು, ಮೈಸೂರು ಸಂಸ್ಥಾನವು ಗಂಧದೆಣ್ಣೆಯನ್ನು ಇಲ್ಲಿಯೇ ಇಳಿಸತೊಡಗಿತು. ಆ ಎಣ್ಣೆಯಿಂದ ಬೆಂಗಳೂರಿನಲ್ಲಿ ಸೋಪಿನ ತಯಾರಿಕೆಯೂ ಆರಂಭವಾಯಿತು. ಈ ಕಾರ್ಯದಲ್ಲಿ ಪ್ರಮುಖರಾದ ಸೋಸಲೆ ಗರಳಪುರಿ ಶಾಸ್ತ್ರಿಗಳು ಸೋಪಿಗೆ ಅಂಡಾಕಾರವನ್ನು ಕೊಟ್ಟು, ಆಭರಣದ ಪೆಟ್ಟಿಗೆಯನ್ನು ಹೋಲುವ ಹೂಬಳ್ಳಿಯ ಚಿತ್ತಾರದ ರಟ್ಟಿನ ಪೆಟ್ಟಿಗೆಯಲ್ಲಿ ಅದನ್ನು ಇರಿಸಿದರು. ಶರಭದ ಲಾಂಛನವೂ ಅದರ ಮೇಲೆ ಬಂದಿತು. ದಿನಬಳಕೆಯ ವಸ್ತುವೊಂದನ್ನು ಉಡುಗೊರೆಗೆ ಯೋಗ್ಯವಾಗಿ ಮಾಡಿದುದರಲ್ಲಿ ಈ ಪೆಟ್ಟಿಗೆಯ ಪಾಲು ಸ್ವಲ್ಪವಲ್ಲ.

ಇದು ಒಂದು ಮುಖ. ಇನ್ನೊಂದು ಮುಖವನ್ನು ನೋಡಬೇಕಾದರೆ ಬಿದಿರ ಮೆಳೆಗಳ ಕಡೆಗೆ ಹೋಗಬೇಕು. ೧೯೩೬ರಲ್ಲಿ ಭದ್ರಾವತಿಯಲ್ಲಿಯೂ ೧೯೫೫ರಲ್ಲಿ ದಾಂಡೇಲಿಯಲ್ಲಿಯೂ ಕಾಗದದ ಕಾರ್ಖಾನೆಗಳು ಸ್ಥಾಪಿತವಾದುವು. ಮಲೆನಾಡಿನ ಬಿದಿರು ಅವುಗಳ ಮುಖ್ಯವಾದ ಕಚ್ಚಾ ಪದಾರ್ಥಗಳಲ್ಲೊಂದಾಯಿತು. ಇವು ಹೆಚ್ಚಾಗಿ ತಯಾರಿಸಿದುದು ಬರೆಯುವ ಮತ್ತು ಅಚ್ಚಿನ ಕಾಗದಗಳನ್ನೇ ಹೊರತು ಪೆಟ್ಟಿಗೆಯನ್ನಲ್ಲ. ಆದರೂ ಬುಟ್ಟಿಯ ಲೋಕವು ಕಾಗದದ ಲೋಕಕ್ಕೆ ಎಡೆಗೊಟ್ಟ ಬಗೆಯನ್ನು ಇಲ್ಲಿ ಕಾಣಬಹುದು. ಕಾರ್ಖಾನೆಗಳಿಗೆ ಬಿದಿರು ಅತ್ಯಲ್ಪ ದರದಲ್ಲಿ ಸಲ್ಲುತ್ತಿದ್ದಾಗ, ಬುಟ್ಟಿ ಹೆಣೆಯುವ ಮೇದಾರರಿಗೆ ಅದು ದುಬಾರಿಯೂ ದುರ್ಲಭವೂ ಆಯಿತು. ೧೯೭೦ರ ದಶಕದಲ್ಲಿ ಅವರು ಎತ್ತಿದ ದೂರಿನ ಫಲವಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಬಿದಿರಿನ ಅಧ್ಯಯನವನ್ನು ಕೈಗೊಂಡರು. ಕಡಿಯಲು ಅನುಕೂಲವಾಗಲೆಂದು ಮೆಳೆಯ ಬುಡದ ಮುಳ್ಳುಕಂಟಿಗಳನ್ನು ಸವರುತ್ತಿದ್ದುದರಿಂದ ಎಳೆಯ ಕಳಲೆಯು ದನಗಳ ಮತ್ತು ಕಾಡುಪ್ರಾಣಿಗಳ ಬಾಯಿಗೆ ಬೀಳುತ್ತಿದೆಯೆಂಬುದು ಆ ಅಧ್ಯಯನದಿಂದ ತಿಳಿದುಬಂದ ಸಂಗತಿಗಳಲ್ಲೊಂದು. ಹಳ್ಳಿಯವರು ಇದನ್ನು ಮೊದಲೇ ಅರಿತಿದ್ದರು. ಹೊಸ ಹೊದಿಕೆಯೊಂದು ಬರುವಾಗ ಹಳೆಯ ಹೊದಿಕೆಯನ್ನು ಹೆಣೆಯುತ್ತಿದ್ದವರ ಗತಿಯೇನಾಯಿತೆಂದು ಕೇಳದಿದ್ದರೆ ನಮ್ಮ ಚರಿತ್ರೆ ಅರ್ಧ ಚರಿತ್ರೆಯಾದೀತು.

೮. ಸೇಬಿನ ಪೆಟ್ಟಿಗೆ

ಪೆಟ್ಟಿಗೆಯು ಇಂದಿಗೂ ನ್ಯಾಯದ ಪ್ರಶ್ನೆಯಾಗಿ ಉಳಿದಿದೆಯೆಂಬುದಕ್ಕೆ ಹಿಮಾಚಲ ಪ್ರದೇಶದ ಸೇಬು ಬೆಳೆಗಾರರ ಅನುಭವವನ್ನು ಉದಾಹರಿಸಬಹುದು. ಅಲ್ಲಿ ಮೊದಲು ಸೇಬನ್ನು ಫರ್, ಸ್ಪ್ರೂಸ್ ಮೊದಲಾದ ಮರಗಳ ಪೆಟ್ಟಿಗೆಗಳಲ್ಲಿ ತುಂಬುತ್ತಿದ್ದರು. ತೋಟಗಳು ಹೆಚ್ಚಿದಂತೆಲ್ಲ ಪೆಟ್ಟಿಗೆಗಾಗಿ ಕಾಡು ಕರಗತೊಡಗಿತು. ೧೯೮೦ರ ದಶಕದಲ್ಲಿ ಮರದ ಪೆಟ್ಟಿಗೆಯಿಂದ ನಿರಿಗೆ ರಟ್ಟಿನ ಪೆಟ್ಟಿಗೆಯ ಕಡೆಗೆ ಬದಲಾವಣೆ ನಡೆಯಿತು. ಕಾಡಿನ ದೃಷ್ಟಿಯಿಂದ ಇದು ದೊಡ್ಡ ಲಾಭ.

ಆದರೆ ಬಳಕೆಗೆ ಬಂದುದು ಒಂದರೊಳಗೊಂದು ಕೂಡುವ ಎರಡು ಭಾಗಗಳ ಪೆಟ್ಟಿಗೆ. ಮೇಲಿನ ಭಾಗವನ್ನು ಎತ್ತರಿಸಿದಷ್ಟೂ ಒಳಗೆ ಇನ್ನೊಂದು ಪದರು ಹಣ್ಣು ಹಿಡಿಯುತ್ತದೆ. ಮಂಡಿಯಲ್ಲಿ ಬೆಲೆ ಕಟ್ಟುತ್ತಿದ್ದುದು ತೂಕಕ್ಕಲ್ಲ, ಪೆಟ್ಟಿಗೆಗೆ. ಆದುದರಿಂದ ಹೆಚ್ಚು ತುಂಬಿದವನಿಗೆ ಹೆಚ್ಚು ಬೆಲೆಯ ಖಾತರಿಯಿಲ್ಲ. ಕಡಮೆ ತುಂಬಿದವನ ಪೆಟ್ಟಿಗೆಯನ್ನು ಕೇಳುವವರಿಲ್ಲ. ಹಿಗ್ಗುವ ಅಳತೆಯ ಭಾರವೆಲ್ಲ ಬೆಳೆಗಾರನ ಮೇಲೆ ಬಿದ್ದಿತು. ಬೆಳೆಗಾರರ ಬಹುಕಾಲದ ಬೇಡಿಕೆ ಈಡೇರಿ, ೨೦೨೪ರ ಸುಗ್ಗಿಯಿಂದ ಸುಮಾರು ೨೦ ಕಿಲೋಗ್ರಾಂ ಹಿಡಿಯುವ, ಹಿಗ್ಗಿಸಲು ಬಾರದ ಒಂದೇ ಅಳತೆಯ ಪೆಟ್ಟಿಗೆಯನ್ನು ಅಲ್ಲಿಯ ಸರ್ಕಾರವು ಕಡ್ಡಾಯ ಮಾಡಿತು. ಕೊಳಗ, ಬಳ್ಳಗಳ ಅಳತೆಯನ್ನು ಕುರಿತು ನಮ್ಮ ಶಾಸನಗಳಲ್ಲಿ ಅಷ್ಟೊಂದು ಎಚ್ಚರಿಕೆಯ ಮಾತುಗಳು ಏಕೆ ಬರುತ್ತವೆಂಬುದು ಈ ಪ್ರಸಂಗದಿಂದ ಮನದಟ್ಟಾಗುತ್ತದೆ. ಪಾತ್ರೆಯು ಅಳತೆಯಾದಾಗ, ಪಾತ್ರೆಯ ಆಕಾರವನ್ನು ನಿರ್ಧರಿಸುವವನೇ ಬೆಲೆಯನ್ನೂ ನಿರ್ಧರಿಸುತ್ತಾನೆ.

೯. ಆಕರ್ಷಣೆ ಮತ್ತು ಮಿತಿ

ಪ್ಲಾಸ್ಟಿಕ್ಕು, ತಗಡು ಮೊದಲಾದ ಪ್ರತಿಸ್ಪರ್ಧಿಗಳು ಬಂದರೂ ರಟ್ಟಿನ ಪೆಟ್ಟಿಗೆ ಏಕೆ ಉಳಿಯಿತು? ಇದರ ಕಾರಣಗಳನ್ನು ಹೀಗೆ ಸಂಗ್ರಹಿಸಬಹುದು. ಬರಿದಾದಾಗ ಅದು ಹಾಳೆ, ತುಂಬಿದಾಗ ಗೋಡೆ. ಮೊಳೆ ಕೀಳುವ ಸಾಧನವಿಲ್ಲದೆ ಯಾರು ಬೇಕಾದರೂ ಅದನ್ನು ತೆರೆಯಬಹುದು. ಯಾವ ಅಳತೆಗಾದರೂ ಕತ್ತರಿಸಬಹುದು, ಅದರ ಮೇಲೆ ಬರೆಯಬಹುದು. ಕೆಲಸ ಮುಗಿದ ಮೇಲೆ ನೀರಿನಲ್ಲಿ ಕಲಸಿದರೆ ಮತ್ತೆ ತಿರುಳು. ನಮ್ಮ ದೇಶದಲ್ಲಿ ಪೆಟ್ಟಿಗೆಯ ಕಾಗದದ ಬಹುಭಾಗ ಹಳೆಯ ಕಾಗದದಿಂದಲೇ ಆಗುತ್ತದೆ. ಬೀದಿಯಲ್ಲಿ ರಟ್ಟು ಆಯುವವರು, ಗುಜರಿ ಅಂಗಡಿಯವರು, ಇವರ ದುಡಿಮೆಯಿಲ್ಲದೆ ಈ ಚಕ್ರ ಉರುಳದು. ಅವರ ಹೆಸರು ಮಾತ್ರ ಯಾವ ಪೆಟ್ಟಿಗೆಯ ಮುದ್ರೆಯಲ್ಲಿಯೂ ಇಲ್ಲ.

ಮಿತಿಗಳನ್ನೂ ಹೇಳಬೇಕು. ಕಾಗದಕ್ಕೆ ತೇವವೇ ಶತ್ರು. ಮುಂಗಾರಿನ ತೇವದ ಗಾಳಿಯಲ್ಲಿ ಪೆಟ್ಟಿಗೆಯು ಭಾರ ಹೊರುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯಬಹುದು. ಬಹುಕಾಲ ಭಾರ ಹೊತ್ತ ಪೆಟ್ಟಿಗೆಯು, ಮೊದಲ ದಿನ ಸುಲಭವಾಗಿ ತಡೆದ ಭಾರಕ್ಕೇ ಕೊನೆಗೆ ಕುಸಿಯುತ್ತದೆ. ಎಳೆಗಳು ಪ್ರತಿ ಬಾರಿ ಕಲಸಿದಾಗಲೂ ತುಂಡಾಗುವುದರಿಂದ ಪುನರ್ಜನ್ಮಗಳಿಗೂ ಲೆಕ್ಕವುಂಟು. ಹೊಸ ತಿರುಳನ್ನು ಬೆರೆಸುತ್ತಲೇ ಇರಬೇಕು. ಪ್ಲಾಸ್ಟಿಕ್ಕಿನ ತೆಳುಪದರವನ್ನು ಹಚ್ಚಿದರೆ ತೇವ ತಗ್ಗುತ್ತದೆ, ಆದರೆ ಮತ್ತೆ ಕಾಗದವಾಗುವುದು ಕಷ್ಟವಾಗುತ್ತದೆ.

ಈ ಎಲ್ಲ ಉಪಯೋಗಗಳಿಗೂ ಹೊರತಾದ ಇನ್ನೊಂದು ಆಕರ್ಷಣೆಯುಂಟು. ಮನೆಗೆ ಹೊಸ ಸಾಮಾನು ಬಂದರೆ ಹಿರಿಯರು ಸಾಮಾನನ್ನೂ ಮಕ್ಕಳು ಪೆಟ್ಟಿಗೆಯನ್ನೂ ಹಂಚಿಕೊಳ್ಳುವುದು ಎಲ್ಲರೂ ಬಲ್ಲ ಸಂಗತಿ. ಮಕ್ಕಳ ಕೈಯಲ್ಲಿ ಅದು ಮನೆಯಾಗುತ್ತದೆ, ಬಸ್ಸಾಗುತ್ತದೆ, ದಸರೆಯ ಬೊಂಬೆಗಳಿಗೆ ಮೆಟ್ಟಿಲೂ ಆಗುತ್ತದೆ. ಅಮೆರಿಕದ ರಾಚೆಸ್ಟರ್ ನಗರದಲ್ಲಿರುವ ರಾಷ್ಟ್ರೀಯ ಆಟಿಕೆಗಳ ಗೌರವ ಸಂಗ್ರಹಕ್ಕೆ ೨೦೦೫ರಲ್ಲಿ ರಟ್ಟಿನ ಪೆಟ್ಟಿಗೆಯನ್ನು ಸೇರಿಸಲಾಯಿತು. ಆಟಿಕೆಯೆಂದು ಯಾರೂ ತಯಾರಿಸದ ವಸ್ತುವಿಗೆ ಮಕ್ಕಳೇ ಕೊಡಿಸಿದ ಮರ್ಯಾದೆಯಿದು.

೧೦. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ರಟ್ಟಿನ ಪೆಟ್ಟಿಗೆಯು ಕೇವಲ ಹೊದಿಕೆಯಲ್ಲವೆಂಬುದು ಸ್ಪಷ್ಟವಾಗುತ್ತದೆ. ಟೋಪಿಯ ಒಳಪಟ್ಟಿಯಾಗಿ ಹುಟ್ಟಿದ ನಿರಿಗೆ, ಅಚ್ಚಿನ ತಪ್ಪಿನಿಂದ ಹೊಳೆದ ಮಡಿಕೆ, ರೈಲ್ವೆಯೊಡನೆ ನಡೆದ ವ್ಯಾಜ್ಯ, ಇವೆಲ್ಲವೂ ಕೂಡಿ ಅದನ್ನು ಒಂದು ಒಪ್ಪಂದದ ಪತ್ರವನ್ನಾಗಿ ಮಾಡಿದುವು. ಮಾಡಿದವನಿಗೂ ಸಾಗಿಸಿದವನಿಗೂ ಕೊಂಡವನಿಗೂ ನಡುವೆ ಇರುವ ನಂಬಿಕೆಯನ್ನು ಅದು ಹೊತ್ತಿದೆ. ಒಪ್ಪಂದವು ನ್ಯಾಯವಾಗಿದ್ದಲ್ಲಿ ಎಲ್ಲರಿಗೂ ಲಾಭ. ಇಲ್ಲದಿದ್ದಲ್ಲಿ, ಸೇಬಿನ ಬೆಳೆಗಾರನೂ ಮೇದಾರನೂ ಕಂಡಂತೆ, ಭಾರವು ಬಲವಿಲ್ಲದವನ ಮೇಲೆ ಇಳಿಯುತ್ತದೆ.

ನಮ್ಮ ನಾಡಿನ ಊದುಬತ್ತಿ, ಸೋಪು, ಕಾಫಿ, ರೇಷ್ಮೆ ಮುಂತಾದ ಉದ್ಯಮಗಳ ಹಳೆಯ ಪೆಟ್ಟಿಗೆಗಳು ಇನ್ನೂ ಕೆಲವು ಮನೆಗಳ ಅಟ್ಟಗಳಲ್ಲಿ, ದಾರದುಂಡೆ, ಗುಂಡಿ, ಹಳೆಯ ಕಾಗದಗಳನ್ನು ತುಂಬಿಕೊಂಡು ಉಳಿದಿವೆ. ಅವುಗಳ ಮೇಲಿನ ಚಿತ್ರ, ಭಾಷೆ, ಬೆಲೆ, ತೂಕ, ವಿಳಾಸ, ಒಂದೊಂದೂ ವಾಣಿಜ್ಯ ಚರಿತ್ರೆಗೆ ಆಧಾರವಾಗಬಲ್ಲುದು. ಮುಂದಿನ ಮಳೆಗಾಲಗಳಿಗೆ ಮೊದಲು ಅವನ್ನು ಗುರುತಿಸಿ, ವರ್ಣಿಸಿ, ಸಂಗ್ರಹಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಕೈಗೊಳ್ಳುವುದಾದರೆ, ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ ನಮ್ಮ ತಪ್ಪು ಕಿಂಚಿತ್ತಾದರೂ ಸರಿಹೋದೀತು.